ಟೈಂಪಾಸ್ ಪಾರ್ಟಿ

ಥಿಯೇಟರಿನಲ್ಲಿ ಯಾರೋ ನಕ್ಕರೆಂದು ಯಾರಿಗಾದರೂ ಸಿಟ್ಟು ಬರುತ್ತದೆಯೇ? ಅವಳಿಗೆ ಬಂದಿತ್ತು. ಅದೂ ಎಂಥ ಸಿಟ್ಟು! ಕೈಯಲ್ಲಿದ್ದ ಟಿಕೆಟ್ಟನ್ನು ಮುದ್ದೆ ಮಾಡಿ ಹಿಂದಿನ ಸಾಲಿಗೆ ಎಸೆಯುವಷ್ಟು.

ಅವಳ ತಪ್ಪೇನೂ ಇರಲಿಲ್ಲ ಬಿಡಿ. ಪರದೆಯ ಮೇಲೆ ಹದಿನೆಂಟು ಅಂತಸ್ತಿನೆತ್ತರದ ರೋಬಾಟ್ ಸಮುದ್ರದಿಂದ ಎದ್ದು ಬಂದು, ಊರ ನಡುವೆ ನಿಂತು, ಒಂದು ಸಿಟಿ ಬಸ್ಸನ್ನು ಎರಡೇ ಬೆರಳಲ್ಲಿ ಎತ್ತಿಕೊಂಡಿತ್ತು. ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು. ಆಗ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ಕೆಂದ. ಅವನು ನಕ್ಕ ಮೇಲೆ, ಒಂದು ಗಳಿಗೆ ಬಿಟ್ಟು, ಬಸ್ಸಿನ ಕಿಟಕಿಯಿಂದ ಕಂಡಕ್ಟರ್ ತಲೆ ಹೊರಗೆ ಹಾಕಿ ರೋಬಾಟಿಗೆ ಹೇಳಿದ: "ಸ್ಟಾಪ್ ಬಂತು, ಇಳಿಸಪ್ಪ."

ಆಮೇಲೆ ಎಲ್ಲರೂ ನಕ್ಕರು. ಅಂದರೆ ಆ ಪುಣ್ಯಾತ್ಮ ಜೋಕು ಬರುವ ಮೊದಲೇ ನಕ್ಕಿದ್ದ!

ಇಂಟರ್ವಲ್ ಆಗಿದ್ದೇ ತಡ, ಅವಳು ಅವನನ್ನು ಹುಡುಕಿಕೊಂಡು ಹೋಗಿ ತರಾಟೆಗೆ ತೆಗೆದುಕೊಂಡಳು.

"ಎಷ್ಟನೇ ಸಲ ನೋಡ್ತಿರೋದು ನೀವು?"

"ಮೂರನೇದು," ಎಂದ ಅವನು. ತೆಳ್ಳಗೆ ಉದ್ದಕ್ಕಿದ್ದ. ಅಂಗಿಯ ತೋಳಿನ ಮೇಲೆ ಗುಲಾಬಿ ಬಣ್ಣದ ಮೇಣದ ಕಲೆ. "ನಿಮ್ದು?"

"ಮೊದಲ್ನೇದು! ನಿಮ್ಮಿಂದ ಹಾಳಾಯ್ತು."

"ಹಾಗಾದ್ರೆ ಇನ್ನೊಂದ್ಸಲ ನೋಡಿ. ಆಗ ನೀವೂ ಮೊದಲೇ ನಗ್ತೀರ."

"ನಾನ್ಯಾಕೆ ನಗಲಿ? ಆ ಕಂಡಕ್ಟರನ್ನ ಕಂಡ್ರೇ ನನಗಾಗಲ್ಲ."

ಅವನ ಮುಖ ಸಣ್ಣಗಾಯಿತು. ಸ್ವಂತ ಮಾವನನ್ನು ಬೈದರೂ ಜನ ಅಷ್ಟು ನೊಂದುಕೊಳ್ಳುವುದಿಲ್ಲ. "ಕಂಡಕ್ಟರ್ ನಿಮಗೇನ್ರೀ ಮಾಡ್ದ?" ಎಂದು ಕೇಳಿದ. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಉಳಿದರ್ಧ ಸಿನಿಮಾ ಅವಳು ಒಂದು ಕಿವಿಯನ್ನು ಹಿಂದಿನ ಸಾಲಿಗೇ ಕೊಟ್ಟು ಕುಳಿತಿದ್ದಳು. ಅವನು ನಗಲಿಲ್ಲ. ಬಾಯಿಗೆ ಕರ್ಚೀಫು ತುರುಕಿಕೊಂಡಿದ್ದನೆಂದು ಆಮೇಲೆ ಗೊತ್ತಾಯಿತು.

ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗಲೂ ಸಿನಿಮಾದ ಬಗ್ಗೆ ಫೋನಿನಲ್ಲೇ ಬಡಿದಾಡುವವರು ಇದ್ದರು. ಆದರೆ ಕೆಲವರಿಗೆ ಜಗಳ ಎದುರುಬದುರು ಕೂತು ಆಡಿದರೇ ರುಚಿ. ಅಂಥವರ ಸಂಘವೊಂದು ಥಿಯೇಟರಿನ ಎದುರಿಗಿದ್ದ ಜೆರಾಕ್ಸ್ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ಸೇರುತ್ತಿತ್ತು. ಅಂಗಡಿಯವನೇ ಅಧ್ಯಕ್ಷ. ಚುನಾವಣೆ ಗಿನಾವಣೆ ಏನೂ ನಡೆದಿರಲಿಲ್ಲ, ಇದ್ದ ಒಂದೇ ಕುರ್ಚಿ ಅವನದಾಗಿದ್ದರಿಂದ ಅಧ್ಯಕ್ಷನಾದ. ಉಳಿದವರು ಕಾಗದದ ಬಂಡಲುಗಳ ಮೇಲೆ ಕೂರುತ್ತಿದ್ದರು. ಬಿಸಿ ಮೆಷಿನ್ನಿನ ವಾಸನೆ, ಲೋಟದಲ್ಲಿ ಆರಿಹೋದ ಟೀ, ಯಾರಿಗೂ ಎದ್ದು ಮನೆಗೆ ಹೋಗುವ ಮನಸ್ಸಿಲ್ಲ. ಅಂಥ ಭಾನುವಾರಗಳು ಈಗ ಎಲ್ಲಿ ಸಿಗುತ್ತವೆ ಹೇಳಿ.

ಬಂದವರಿಗೆ ಅಡ್ಡಹೆಸರಿಡುವುದು ಅಧ್ಯಕ್ಷನ ಮೊದಲ ಕೆಲಸ. ಅವಳು ಲಿಫ್ಟ್ ಮೆಕ್ಯಾನಿಕ್, ಆದ್ದರಿಂದ 'ಲಿಫ್ಟು'. ಅವನು ಡೆಂಟಲ್ ಲ್ಯಾಬಿನಲ್ಲಿ ಹಲ್ಲುಸೆಟ್ಟು ತಯಾರಿಸುವವನು, ಆದ್ದರಿಂದ 'ಹಲ್ಲು'. ಸಿನಿಮಾದಲ್ಲಿ ಮನುಷ್ಯರು ಬರುವ ಭಾಗಕ್ಕೂ ಅಧ್ಯಕ್ಷನೇ ಹೆಸರಿಟ್ಟಿದ್ದ: "ರೋಬಾಟ್ ರೆಸ್ಟ್ ತಗೊಳ್ಳೋವಾಗ ತೋರಿಸೋ ಟೈಂಪಾಸ್." ಕಂಡಕ್ಟರ್, ಕಿವಿ ಕೇಳದ ಅವನ ಅಮ್ಮ, ಬಸ್ಸಿನಲ್ಲಿದ್ದ ಜನ ಎಲ್ಲರೂ ಸಂಘದ ಭಾಷೆಯಲ್ಲಿ ಟೈಂಪಾಸ್ ಆದರು. ಅವರನ್ನು ವಹಿಸಿಕೊಂಡು ಮಾತಾಡುವವರದು ಟೈಂಪಾಸ್ ಪಾರ್ಟಿ. ರೋಬಾಟ್ ಒಂದೇ ಸಾಕು ಎನ್ನುವವರದು ಕಬ್ಬಿಣ ಪಾರ್ಟಿ. ಟೈಂಪಾಸ್ ಪಾರ್ಟಿಗೆ ಹಲ್ಲು, ಕಬ್ಬಿಣ ಪಾರ್ಟಿಗೆ ಲಿಫ್ಟು. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು.

"ಅದು ಮೊಣಕಾಲು ಮಡಿಸೋದು ನೋಡಿದ್ರಾ?" ಅವಳು ಶುರುಮಾಡುತ್ತಿದ್ದಳು. "ಆ ಪಿಸ್ಟನ್ ಸದ್ದಿಲ್ದೆ ಒಳಗೆ ಹೋಗೋದು? ಅದನ್ನ ತೋರಿಸೋದು ಬಿಟ್ಟು, ನಿಮ್ಮ ಕಂಡಕ್ಟರ್ ಚಿಲ್ಲರೆ ಹುಡುಕೋದನ್ನ ತೋರಿಸ್ತಾರೆ!"

"ಮೊಣಕಾಲು ಯಾಕೆ ಮಡಿಸ್ತು ಅದು?"

"ಯಾಕೆ ಅಂದ್ರೆ? ಬಸ್ಸು ಇಳಿಸೋಕೆ."

"ಯಾರು ಹೇಳಿದ್ದಕ್ಕೆ?"

ಅವನು ನಿಧಾನಕ್ಕೆ ಟೀ ಹೀರಿ ಹೇಳುತ್ತಿದ್ದ, "ಬಗ್ಗಬೇಕು ಅಂದ್ರೆ ಕೆಳಗೆ ಒಬ್ಬರು ಇರಬೇಕಲ್ವಾ, ಲಿಫ್ಟು ಮೇಡಂ?"

"ಇರಲಿ. ಆದ್ರೆ ಜೋಕು ಯಾಕೆ? ನಗು ಬರಬೇಕಾದ್ರೆ ಮೊದಲು ಭಯ ಆಗಿರ್ಬೇಕು. ಇಲ್ಲಿ ಭಯಪಡೋಕೂ ಬಿಡಲ್ಲ. ಒಂದು ಕಟ್ಟಡ ಬೀಳುತ್ತೆ, ಒಂದು ಜೋಕು. ಸೇತುವೆ ಬೀಳುತ್ತೆ, ಇನ್ನೊಂದು ಜೋಕು. ಅದರ ಮೇಲೆ ಜನ ಇದ್ರು ಅನ್ನೋದೇ ಎಲ್ಲರಿಗೂ ಮರೆತುಹೋಗುತ್ತೆ."

ಅಂಥದೊಂದು ಭಾನುವಾರ ಅವನು ಲೋಟ ಕೆಳಗಿಟ್ಟು ಅವಳನ್ನೇ ನೋಡಿದ. "ಜನರ ಚಿಂತೆ ನಿಮಗೇ ಜಾಸ್ತಿ ಕಣ್ರೀ. ನೀವು ತಪ್ಪಿ ಕಬ್ಬಿಣ ಪಾರ್ಟಿಗೆ ಸೇರಿದ್ದೀರ."

ಅವಳು ನಕ್ಕುಬಿಟ್ಟಳು. ನಗುವಾಗ ಕೈ ತಾನಾಗಿ ಬಾಯಿಗೆ ಹೋಯಿತು. ಅವಳ ಒಂದು ಕೋರೆಹಲ್ಲು ತುಸು ಓರೆ, ಚಿಕ್ಕಂದಿನಿಂದ ಅದನ್ನು ಮುಚ್ಚಿಕೊಳ್ಳುವುದು ಅಭ್ಯಾಸ.

"ಕೈ ತೆಗೀರಿ," ಎಂದ ಅವನು ಮೆಲ್ಲಗೆ. "ದಿನಾ ನೂರು ಹಲ್ಲು ನೋಡ್ತೀನಿ ನಾನು. ಎಲ್ಲಾ ನೆಟ್ಟಗೆ, ಎಲ್ಲಾ ಒಂದೇ ಥರ. ಅದೊಂದನ್ನ ಮಾತ್ರ ಯಾರ ಕೈಗೂ ಸರಿಮಾಡೋಕೆ ಕೊಡಬೇಡಿ."

ಅವಳ ಕೆನ್ನೆ ಕೆಂಪಾಯಿತು. ಅಧ್ಯಕ್ಷ ಕೆಮ್ಮಿದ. ಅವತ್ತಿನ ಸಭೆಯಲ್ಲಿ ಇನ್ನೇನು ನಡೆಯಿತೋ ಅವಳಿಗೆ ಗೊತ್ತಿಲ್ಲ.

ಅವನ ಲ್ಯಾಬು ಐದನೇ ಮಹಡಿಯಲ್ಲಿತ್ತು. ಆ ಕಟ್ಟಡದ ಲಿಫ್ಟಿನ ಸರ್ವೀಸು ತಿಂಗಳಿಗೊಮ್ಮೆ ಅವಳದೇ. ತಿಂಗಳಿಗೊಮ್ಮೆ ಎಂದರೆ ಕಾಗದದ ಮೇಲೆ. ಆ ಲಿಫ್ಟು ಆ ವರ್ಷ ಯಾಕೋ ಪದೇ ಪದೇ ಕೆಡುತ್ತಿತ್ತು. ಬಾಗಿಲ ಸಂದಿಗೆ ಒಂದು ಚೂರು ಮೇಣ ಸಿಕ್ಕಿಸಿದರೆ ಸಾಕು, ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ಬಾಗಿಲು ಮುಚ್ಚದೆ ಲಿಫ್ಟು ಅಲ್ಲಾಡುವುದಿಲ್ಲ. ಹಲ್ಲುಸೆಟ್ಟಿಗೆ ಬಳಸುವ ಗುಲಾಬಿ ಮೇಣ. ಅವಳು ಅದನ್ನು ಉಗುರಲ್ಲಿ ಕೆರೆದು ತೆಗೆದು, ತುಟಿ ಪಿಟಕ್ಕೆನ್ನದೆ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಆಫೀಸಿನಲ್ಲಿ ಕೇಳಿದರೆ, "ಹಳೇ ಬಾಗಿಲು ಸಾರ್, ಏನ್ಮಾಡೋದು," ಎನ್ನುತ್ತಿದ್ದಳು.

ಒಂದು ದಿನ ಅವನನ್ನು ತಾರಸಿಯ ಮೇಲಿನ ಮೆಷಿನ್ ರೂಮಿಗೆ ಕರೆದುಕೊಂಡು ಹೋದಳು. ದೊಡ್ಡ ಗಾಲಿ, ಅದರ ಮೇಲೆ ಹಾದ ಉಕ್ಕಿನ ಹಗ್ಗಗಳು, ಗ್ರೀಸಿನ ವಾಸನೆ.

"ಎಲ್ಲರೂ ಲಿಫ್ಟನ್ನ ಮೋಟಾರ್ ಎಳೆಯುತ್ತೆ ಅಂದ್ಕೊಂಡಿದ್ದಾರೆ," ಎಂದಳು. "ಪಾಪದ ಮೋಟಾರು, ಅದೊಂದೇ ಎಷ್ಟು ಎಳೆದೀತು? ಹಗ್ಗದ ಆ ತುದೀಲಿ ಒಂದು ಭಾರ ತೂಗ್ತಿದೆ ನೋಡಿ, ಕೌಂಟರ್ ವೇಟ್. ಯಾರ ಕಣ್ಣಿಗೂ ಬೀಳಲ್ಲ. ಇದು ಮೇಲೆ ಹೋದ್ರೆ ಅದು ಕೆಳಗೆ ಬರುತ್ತೆ. ಅದು ಇರೋದ್ರಿಂದಲೇ ಇದು ಇಷ್ಟು ಹಗುರ."

ಅವನು ಬಗ್ಗಿ ಕತ್ತಲ ಬಾವಿಯಂತಿದ್ದ ಆ ಸಂದಿಯೊಳಗೆ ನೋಡಿದ. ಆಮೇಲೆ ನಿಧಾನವಾಗಿ ತಿರುಗಿದ. ಮುಖದ ತುಂಬ ನಗು. "ಕಂಡಕ್ಟರ್ ಬಗ್ಗೆ ನಾನು ಇಷ್ಟು ದಿನ ಹೇಳ್ತಿರೋದು ಇದನ್ನೇ ಅಲ್ವೇನ್ರೀ?"

ವಾದದಲ್ಲಿ ಸೋತರೆ ಇಷ್ಟು ಖುಷಿಯಾಗುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಗಾಲಿ ಒಮ್ಮೆ ಗುಂಯ್ಗುಟ್ಟಿ ತಿರುಗಿತು, ಯಾರೋ ಕೆಳಗೆ ಗುಂಡಿ ಒತ್ತಿದ್ದರು. ಇಬ್ಬರ ನಡುವೆ ಒಂದು ಗೇಣು ಜಾಗ. ಅವನ ಕಣ್ಣಲ್ಲಿ ಒಂದು ಮಾತು ಬಂದು ನಿಂತಿತ್ತು, ಇವಳ ಎದೆಯಲ್ಲೂ ಅದೇ ಮಾತು. ಯಾರು ಮೊದಲು ಎನ್ನುವುದರಲ್ಲೇ ಕೆಳಗಿನಿಂದ ವಾಚ್‌ಮನ್ ಕೂಗಿದ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಆ ವಾರವೇ ಅಕ್ಕ ಕೇಳಿದಳು. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಮೆಷಿನ್ ತುಳಿದು ತಂಗಿಯನ್ನು ದೊಡ್ಡವಳನ್ನಾಗಿ ಮಾಡಿದ ಅಕ್ಕ. ಮನೆಯ ಮುಂದಿನ ಕೋಣೆಯೇ ಅವಳ ಟೈಲರ್ ಅಂಗಡಿ. ತಂಗಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಗುಂಡಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಕೇಳಿದಳು, "ಆ ಹಲ್ಲಿನವನು ಯಾರೇ ನಿನಗೆ?"

ಅಕ್ಕನ ಎದುರು ಅವಳಿಗೆ ನಾಚಿಕೆ ಮುತ್ತಿಕೊಂಡಿತು. ಅವಿತುಕೊಳ್ಳಲು ಒಂದು ಮರೆ ಬೇಕಿತ್ತು, ನಾಲಿಗೆಯ ತುದಿಯಲ್ಲೇ ಸಂಘದ ಪದ ಇತ್ತು.

"ಅವ್ರಾ? ಅವರು ಟೈಂಪಾಸ್ ಅಕ್ಕಾ!" ಎಂದು ನಕ್ಕು ಒಳಗೆ ಓಡಿದಳು. ಮನಸ್ಸಿನೊಳಗೆ, ಕಂಡಕ್ಟರನ ಪಕ್ಷದವರು, ಮನುಷ್ಯರ ಪಕ್ಷದವರು, ನನ್ನ ಪಕ್ಕದವರು ಎಂದೆಲ್ಲ ಅರ್ಥವಿತ್ತು. ಆ ಸಂಬಂಧವನ್ನೂ ಬೇಡವೆಂದಳು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಲ್ಯಾಬಿಗೆ ಹೋಗಿ ಕೇಳಿದರೆ, ಬೇರೆ ಊರಿನ ಬ್ರಾಂಚಿಗೆ ತಾನಾಗಿಯೇ ಕೇಳಿಕೊಂಡು ಹೋದನೆಂದರು. ಫೋನ್ ಮಾಡಿದಳು, ನಂಬರ್ ಬದಲಾಗಿತ್ತು. ಹೇಳದೆ ಕೇಳದೆ ಹೋದವನನ್ನು ಇನ್ನೆಷ್ಟು ಹುಡುಕುವುದು? ಅವಳಿಗೂ ಸ್ವಾಭಿಮಾನ ಎನ್ನುವುದಿತ್ತು. ಕಟ್ಟಡದ ಲಿಫ್ಟು ಆಮೇಲೆ ಒಂದು ದಿನವೂ ಕೆಡಲಿಲ್ಲ. ತಿಂಗಳಿಗೊಮ್ಮೆ ಹೋಗಿ ಗ್ರೀಸು ಹಚ್ಚುವಾಗ ಅವಳಿಗೆ ಅದರ ಮೇಲೇ ಕೋಪ ಬರುತ್ತಿತ್ತು.

ಸಂಘವೂ ಕರಗಿತು. ಒಬ್ಬರಿಗೆ ಮಗುವಾಯಿತು, ಇನ್ನೊಬ್ಬರಿಗೆ ವರ್ಗವಾಯಿತು. ಅವಳು ಸೂಪರ್‌ವೈಸರ್ ಆದಳು, ಕೂದಲಲ್ಲಿ ಎರಡು ಬೆಳ್ಳಿ ಎಳೆ ಬಂದವು. ಅಕ್ಕ ತಂದ ಸಂಬಂಧಗಳೆಲ್ಲ ಬಾಗಿಲ ತನಕ ಬಂದು ವಾಪಸು ಹೋದವು. ಕೊನೆಕೊನೆಗೆ ಅಕ್ಕ ಕೇಳುವುದನ್ನೇ ಬಿಟ್ಟಳು.

ಈ ವರ್ಷ ಒಂದು ದಿನ ಅಧ್ಯಕ್ಷನ ಫೋನು. "ಲಿಫ್ಟು, ನಮ್ಮ ಸಿನಿಮಾ ಮತ್ತೆ ಹಾಕ್ತಿದ್ದಾರೆ! ಭಾನುವಾರ, ಮ್ಯಾಟಿನಿ. ಹೇಗೋ ನಂಬರ್ ಹುಡುಕಿ ಎಲ್ಲರಿಗೂ ಹೇಳಿದ್ದೀನಿ." ಎಲ್ಲರಿಗೂ ಎಂದರೆ ಯಾರ್ಯಾರಿಗೆ ಎಂದು ಅವಳು ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ ಎನ್ನುವುದೇ ಸರಿ.

ಕತ್ತಲಲ್ಲಿ ತಡವಾಗಿ ಹೋಗಿ ಸಿಕ್ಕ ಸೀಟಿನಲ್ಲಿ ಕುಳಿತಳು. ಅಂದು ಅಷ್ಟು ಭಯಂಕರವೆನಿಸಿದ್ದ ರೋಬಾಟ್ ಇಂದು ತುಸು ಆಟಿಕೆಯಂತೆ ಕಂಡಿತು. ಮುಂದಿನ ಸಾಲಿನ ಕಾಲೇಜು ಹುಡುಗಿಯರು, "ಈ ಕಂಡಕ್ಟರ್ ಸೀನೆಲ್ಲಾ ಕಟ್ ಮಾಡ್ಬೇಕಿತ್ತು ಕಣೇ," ಎಂದು ಗೊಣಗುವುದು ಕೇಳಿ ಅವಳಿಗೆ ಒಳಗೊಳಗೇ ನಗು. ಬಸ್ಸು ಮೇಲೆದ್ದಿತು. ಥಿಯೇಟರ್ ಸ್ತಬ್ಧವಾಯಿತು.

ಆಗ ಎಲ್ಲೋ ಬಲಗಡೆಯ ಮೂಲೆಯಲ್ಲಿ, ಜೋಕು ಬರುವ ಮೊದಲೇ, ಒಬ್ಬನೇ ಒಬ್ಬ ಕಿಸಕ್ಕೆಂದ.

ಕಂಡಕ್ಟರ್ ಏನು ಹೇಳಿದನೋ, ಜನ ಎಷ್ಟು ನಕ್ಕರೋ, ಅವಳಿಗೆ ಒಂದೂ ಕೇಳಿಸಲಿಲ್ಲ. ಇಂಟರ್ವಲ್ ಬರುವವರೆಗೆ ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದಳು.

ಲಾಬಿಯಲ್ಲಿ ಅಧ್ಯಕ್ಷ ಹೊಟ್ಟೆ ಮುಂದೆ ಮಾಡಿಕೊಂಡು ಓಡಾಡುತ್ತಿದ್ದ. ಹಳಬರು ನಾಲ್ಕಾರು ಮಂದಿ ಸೇರಿದ್ದರು. ಕಂಬದ ಪಕ್ಕದಲ್ಲಿ ಅವನು. ಕನ್ನಡಕ ಬಂದಿದೆ, ಹಣೆ ಹಿಂದಕ್ಕೆ ಸರಿದಿದೆ. ತೋಳಿನ ಮೇಲೆ ಮೇಣದ ಕಲೆ ಇಲ್ಲ. ಅವಳನ್ನು ನೋಡಿದವನೇ ಟೀ ಲೋಟ ಹಿಡಿದೇ ಹತ್ತಿರ ಬಂದ.

"ಚೆನ್ನಾಗಿದ್ದೀರಾ?"

"ಹ್ಞೂಂ. ನೀವು?"

"ಇದ್ದೀನಿ. ಇಲ್ಲಿಂದ ಹಾಗೇ ಬಸ್ ಹಿಡೀಬೇಕು. ನಾಳೆ ಕೆಲಸ."

"ಮನೇಲಿ ಎಲ್ಲಾ..."

"ಮನೇಲಿ ಯಾರಿದ್ದಾರೆ? ಊರವರ ಹಲ್ಲು ಕೂರಿಸೋದ್ರಲ್ಲೇ ಆಯ್ತು." ಅವನು ಅವಳ ಕೈ ನೋಡಿದ, ಕೊರಳು ನೋಡಿದ, ಕೇಳಬೇಕಾದ್ದನ್ನು ಕೇಳದೆ ಟೀ ಕುಡಿದ. ಅವಳೇ ಹೇಳಿದಳು, "ನಾನೂ ಒಬ್ಬಳೇ. ಅಕ್ಕನ ಜೊತೆ."

"ಗ್ರೂಪ್ ಫೋಟೋ!" ಎಂದು ಅಧ್ಯಕ್ಷ ಚಪ್ಪಾಳೆ ತಟ್ಟಿದ. "ಕಬ್ಬಿಣ ಪಾರ್ಟಿ ಆ ಕಡೆ, ಟೈಂಪಾಸ್ ಪಾರ್ಟಿ ಈ ಕಡೆ!"

ಅವಳು ಸಲುಗೆಯಿಂದ, ಹಳೆಯ ಅಭ್ಯಾಸದಿಂದ, "ನಡೀರಿ ಟೈಂಪಾಸ್," ಎಂದಳು. ಅವನ ಮುಖದಲ್ಲಿದ್ದ ನಗು ಮಾಸಿತು. ಫೋಟೋ ತೆಗೆದದ್ದಾಯಿತು, ಬೆಲ್ಲು ಹೊಡೆಯಿತು, ಎಲ್ಲರೂ ಒಳಗೆ ನುಗ್ಗಿದರು. ಅವನು ಅಲ್ಲೇ ನಿಂತಿದ್ದ.

"ಈಗ ಎರಡನೇ ರೋಬಾಟ್ ಬಂದು ಫೈಟು ಶುರುವಾಗುತ್ತೆ," ಎಂದ. "ಹೋಗಿ. ಅದಕ್ಕೇ ತಾನೇ ನೀವು ಬಂದಿದ್ದು?"

"ಏನಾಯ್ತು ನಿಮಗೆ? ಈಗ ತಾನೇ ನಗ್ತಿದ್ರಿ."

ಅವನು ಖಾಲಿ ಲೋಟದೊಳಗೆ ನೋಡುತ್ತ ಹೇಳಿದ. "ಊರು ಬಿಡೋಕೆ ಮುಂಚೆ ನಿಮ್ಮ ಅಕ್ಕನ ಹತ್ರ ಹೋಗಿದ್ದೆ ನಾನು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು. ನಿಮ್ಮನ್ನ ಕೇಳೋಣ ಅಂತ. ನಾನು ಬಾಯಿ ಬಿಡೋಕೆ ಮುಂಚೆ ಅವರೇ ಹೇಳಿದ್ರು. ಒಳ್ಳೇ ಸಂಬಂಧ ಬಂದಿದೆ, ನಡುವೆ ಬರಬೇಡಿ. ನನ್ನ ತಂಗಿನೇ ನಿಮ್ಮನ್ನ ಟೈಂಪಾಸ್ ಅಂದಳು, ಅಂತ."

ಅವಳು ಗೋಡೆಗೆ ಒರಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳ ಮುತ್ತು ಒಡೆದು ಇಷ್ಟು ವರ್ಷವಾಗಿತ್ತು, ಅವಳಿಗೆ ಸದ್ದೂ ಕೇಳಿಸಿರಲಿಲ್ಲ.

"ಅಯ್ಯೋ, ಅದು ನಮ್ಮ ಸಂಘದ ಮಾತಲ್ವೇನ್ರೀ! ಅಕ್ಕನಿಗೆ ಅದು ಗೊತ್ತಿಲ್ಲ ಸರಿ. ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು. ಊರಲ್ಲಿ ಉಳಿದವರೆಲ್ಲ ಆ ಪದಕ್ಕೆ ಯಾವ ಅರ್ಥ ಇಟ್ಕೊಂಡಿದ್ದಾರೆ ಅನ್ನೋದೂ ಗೊತ್ತಿತ್ತು. ನೀವು ಯಾವ ಅರ್ಥದಲ್ಲಿ ಅಂದ್ರಿ ಅಂತ..."

"ಕೇಳೋಕಾಗ್ಲಿಲ್ವಾ?" ಅವಳ ಗಂಟಲು ಏರಿತು. "ಸೇತುವೆ ಮೇಲೆ ಎಷ್ಟು ಜನ ಇದ್ರು ಅಂತ ಮೂರು ತಾಸು ವಾದ ಮಾಡ್ತಿದ್ರಲ್ಲ, ಇದೊಂದು ಮಾತು ಕೇಳೋಕೆ ಏನಾಗಿತ್ತು?"

"ಕೇಳಿದ್ರೆ ಒಂದೇ ಅರ್ಥ ಉಳೀತಿತ್ತು," ಎಂದ ಅವನು. "ಅದು ಕೆಟ್ಟದ್ದಾಗಿದ್ರೆ? ಕೇಳದೇ ಇದ್ರೆ ಎರಡೂ ನನ್ನ ಹತ್ರ ಇರುತ್ತಲ್ಲ ಅಂದ್ಕೊಂಡೆ. ಕೆಲಸದ ದಿನ ಒಂದು ಇಟ್ಕೊಳ್ತಿದ್ದೆ. ಭಾನುವಾರ ಇನ್ನೊಂದು."

ಒಳಗೆ ರೋಬಾಟುಗಳ ಕಾದಾಟ ಶುರುವಾಗಿತ್ತು. ಬಾಗಿಲು ಅದುರುತ್ತಿತ್ತು. ಅವಳಿಗೆ ಅವನಿಗೆ ಎರಡು ಬಾರಿಸಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಕಳೆದುಹೋದ ಭಾನುವಾರಗಳನ್ನೆಲ್ಲ ನೆನೆದು ಕಣ್ಣು ತುಂಬಿದವು. ಇವನು ಹೀಗೆಯೇ ಬಸ್ಸು ಹತ್ತಿ ಹೋದರೆ ಉಳಿದ ಭಾನುವಾರಗಳೂ ಹೋದಂತೆ. ಮತ್ತೆ ಒಂದು ತಮಾಷೆ ಮಾಡಿ ಅವಿತುಕೊಳ್ಳಬಹುದಿತ್ತು. ಬಾಯಿಗೆ ಒಂದು ತಮಾಷೆ ಬಂದೂ ಇತ್ತು. ಅವಳು ಅದನ್ನು ನುಂಗಿಕೊಂಡು ಫೋನ್ ತೆಗೆದಳು.

"ಯಾರಿಗೆ?" ಎಂದ ಅವನು ಗಾಬರಿಯಿಂದ.

"ಸುಮ್ನೆ ನಿಂತ್ಕೊಳ್ಳಿ."

ಅತ್ತ ಹೊಲಿಗೆ ಮೆಷಿನ್ ಗಡಗಡ ಎನ್ನುತ್ತಿತ್ತು. "ಏನೇ? ಸಿನಿಮಾ ಮುಗೀತಾ?"

"ಅಕ್ಕಾ, ಆವತ್ತು ನೀನೊಂದು ಕೇಳಿದ್ದೆ. ಆ ಹಲ್ಲಿನವನು ಯಾರೇ ನಿನಗೆ ಅಂತ."

ಮೆಷಿನ್ ಸದ್ದು ನಿಂತಿತು.

"ನಾಚಿಕೆಗೆ ಏನೋ ಒಂದು ಅಂದುಬಿಟ್ಟೆ. ನೀನು ಅದನ್ನೇ ನಂಬಿದೆ, ನಿನ್ನ ತಪ್ಪಲ್ಲ. ಈಗ ಸರಿಯಾಗಿ ಹೇಳ್ತೀನಿ ಕೇಳು. ನನಗೆ ಅವನು ಅಂದ್ರೆ ಪ್ರಾಣ. ಆವತ್ತೂ ಹಾಗೇ, ಇವತ್ತೂ ಹಾಗೇ. ಅದಕ್ಕೇ ನೀನು ತಂದ ಯಾರೂ ನನಗೆ ಒಪ್ಪಿಗೆ ಆಗ್ಲಿಲ್ಲ. ಇಲ್ಲೇ ನಿಂತಿದ್ದಾನೆ ಅಕ್ಕಾ. ಎಲ್ಲಾ ಕೇಳಿಸ್ಕೊಳ್ತಿದ್ದಾನೆ."

ಇಷ್ಟನ್ನೂ ಅವಳು ಎದುರಿನ ಗೋಡೆ ನೋಡಿಕೊಂಡೇ ಹೇಳಿದಳು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

ಅತ್ತ ಅಕ್ಕ ಮೂಗು ಏರಿಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಕೇಳಿದಳು, "ಆವತ್ತು ಅವರನ್ನ ಕೂತ್ಕೊಳ್ಳಿ ಅಂತಾನೂ ಅನ್ನಲಿಲ್ಲ ಕಣೇ ನಾನು. ಊಟ ಆಗಿದೆಯಾ ಅವರಿಗೆ?"

ಅವಳು ಅವನತ್ತ ತಿರುಗಿದಳು. "ಊಟ ಆಗಿದೆಯಾ ಅಂತ ಕೇಳ್ತಿದ್ದಾಳೆ."

ಅವನು ಇಲ್ಲವೆಂದು ತಲೆಯಾಡಿಸಿದ.

"ಇಲ್ವಂತೆ ಅಕ್ಕಾ."

"ಕರ್ಕೊಂಡು ಬಾ," ಎಂದಳು ಅಕ್ಕ. "ಅನ್ನಕ್ಕಿಡ್ತೀನಿ."